ಕಾಗೆಗೆ ಹೊಡೆಯದ ಕರೆಂಟು

ಮಕ್ಕಳೇ, ಶಾಲೆಗೆ ಬರುವ ದಾರಿಯಲ್ಲಿ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕುಳಿತ ಕಾಗೆಗಳನ್ನು ನೋಡಿದ್ದೀರಲ್ಲವೇ? ಆ ತಂತಿಗೆ ಮೇಲೆ ಹೊದಿಕೆ ಇರುವುದಿಲ್ಲ. ನೆಲದ ಮೇಲೆ ನಿಂತ ಮನುಷ್ಯ ಅದನ್ನು ಮುಟ್ಟಿದರೆ ಪ್ರಾಣವೇ ಹೋಗಬಹುದು. ಆದರೆ ಕಾಗೆ ಆರಾಮವಾಗಿ ಕುಳಿತು ಕಾ ಕಾ ಎನ್ನುತ್ತದೆ. ಅದರ ಕಾಲಿಗೆ ರಬ್ಬರಿನ ಚಪ್ಪಲಿಯೂ ಇಲ್ಲ! ಹಾಗಾದರೆ ಅದಕ್ಕೆ ಕರೆಂಟು ಏಕೆ ಹೊಡೆಯುವುದಿಲ್ಲ?

ಉತ್ತರ ಹುಡುಕಲು ಮೊದಲು ಬಂಕಾಪುರದ ಕೋಟೆಗೆ ಹೋಗಿ ಬರೋಣ, ಬನ್ನಿ.

ಕಲ್ಲು ಒಂದೇ, ಉತ್ತರ ಮೂರು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಹಳೆಯ ಕೋಟೆ ಇದೆ. ಅದರ ಸುತ್ತ ಕಂದಕವಿದೆ. ಒಳಗೆ ಚಾಲುಕ್ಯರ ಕಾಲದ ನಗರೇಶ್ವರ ಗುಡಿ ಇದೆ. ಈ ಗುಡಿ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ, ಕೆಳಗಿಳಿದು ಹೋಗಬೇಕು. ಕೋಟೆಯ ಆವರಣದಲ್ಲಿ ನವಿಲುಗಳು ಹೆಚ್ಚಾಗಿರುವುದರಿಂದ 2006ರಲ್ಲಿ ಇದನ್ನು ನವಿಲುಧಾಮವೆಂದು ಘೋಷಿಸಲಾಯಿತು.

ಈಗ ಕೋಟೆಯ ಗೋಡೆಯ ಮೇಲೆ ಒಂದು ಕಲ್ಲು ಇದೆ ಎಂದುಕೊಳ್ಳಿ. ಅದು ಎಷ್ಟು ಎತ್ತರದಲ್ಲಿದೆ? ಒಳಗಿನ ನೆಲದಿಂದ ಅಳೆದರೆ ಒಂದು ಉತ್ತರ. ಗುಡಿಯ ನೆಲದಿಂದ ಅಳೆದರೆ ಇನ್ನೊಂದು. ಕಂದಕದ ತಳದಿಂದ ಅಳೆದರೆ ಮತ್ತೊಂದು. ಆದ್ದರಿಂದ 'ಎತ್ತರ ಎಷ್ಟು?' ಎಂದು ಕೇಳಿದರೆ ಸಾಲದು, 'ಎಲ್ಲಿಂದ?' ಎಂದೂ ಹೇಳಬೇಕು.

ಎತ್ತರದಲ್ಲಿರುವ ವಸ್ತುವಿನಲ್ಲಿ ಅಡಗಿರುವ ಶಕ್ತಿಗೆ ಪ್ರಚ್ಛನ್ನ ಶಕ್ತಿ ಎಂದು ಹೆಸರು. 1 ಕಿಲೋಗ್ರಾಂ ಕಲ್ಲನ್ನು 10 ಮೀಟರ್ ಮೇಲಕ್ಕೆ ಒಯ್ದರೆ ಅದರಲ್ಲಿ ಸುಮಾರು 98 ಜೂಲ್ ಶಕ್ತಿ ಸೇರುತ್ತದೆ. 2 ಕಿಲೋಗ್ರಾಂ ಕಲ್ಲಾದರೆ 196 ಜೂಲ್. ಆದರೆ ಪ್ರತಿ ಕಿಲೋಗ್ರಾಂಗೆ ಲೆಕ್ಕ ಹಾಕಿದರೆ ಎರಡಕ್ಕೂ 98 ಜೂಲ್ ಮಾತ್ರ. ಹೀಗೆ 'ಒಂದು ಕಿಲೋಗ್ರಾಂಗೆ ಎಷ್ಟು?' ಎಂದು ಹೇಳುವ ಅಳತೆಯೇ ವಿಭವ. ಅದು ಕಲ್ಲಿಗೆ ಸೇರಿದ್ದಲ್ಲ, ಆ ಜಾಗಕ್ಕೆ ಸೇರಿದ್ದು. ಎರಡು ಜಾಗಗಳ ವಿಭವದ ನಡುವಿನ ವ್ಯತ್ಯಾಸವೇ ವಿಭವಾಂತರ.

ನಮ್ಮ ಜೋಗದ ಎತ್ತರ 253 ಮೀಟರ್. ಅಷ್ಟು ಇಳಿಯುವಾಗ ಪ್ರತಿ ಕಿಲೋಗ್ರಾಂ ನೀರು ಸುಮಾರು 2,480 ಜೂಲ್ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಶರಾವತಿ ನೀರಿನ ಇಂತಹ ಇಳಿತವನ್ನು ಬಳಸಿಯೇ ವಿದ್ಯುತ್ ತಯಾರಿಸುತ್ತಾರೆ. ಬೆಟ್ಟದ ಮೇಲಿನ ಕೆರೆಯ ನೀರೂ ಎತ್ತರದಲ್ಲೇ ಇದೆ. ಆದರೆ ಇಳಿಯಲು ದಾರಿ ಇಲ್ಲದಿದ್ದರೆ ಅದು ಏನನ್ನೂ ತಿರುಗಿಸದು. ಹರಿಯಬೇಕಾದರೆ ವ್ಯತ್ಯಾಸವೂ ಬೇಕು, ದಾರಿಯೂ ಬೇಕು. ಈ ಮಾತನ್ನು ನೆನಪಿಡಿ.

ನಿಂಬೆಹಣ್ಣಿನೊಳಗಿನ ಏರಿಳಿತ

ನೀರಿಗೆ ಎತ್ತರ ಹೇಗೋ ಕರೆಂಟಿಗೆ ವೋಲ್ಟ್ ಹಾಗೆ. ವಿದ್ಯುತ್ತಿನಲ್ಲಿ ಕಿಲೋಗ್ರಾಂ ಬದಲು ವಿದ್ಯುದಂಶದ ಅಳತೆಯಾದ ಕೂಲಾಮ್ ಇರುತ್ತದೆ. ಒಂದು ಕೂಲಾಮ್‌ಗೆ ಒಂದು ಜೂಲ್ ಎಂದರೆ ಒಂದು ವೋಲ್ಟ್. ಇಟಲಿಯ ವೋಲ್ಟಾ ಎಂಬ ವಿಜ್ಞಾನಿ 1800ರಲ್ಲಿ ಮೊದಲ ಬ್ಯಾಟರಿಯ ವಿವರವನ್ನು ಪ್ರಕಟಿಸಿದನು. ಅವನ ನೆನಪಿಗೆ ಈ ಹೆಸರು.

ಬ್ಯಾಟರಿಯಲ್ಲಿ ಬೆಟ್ಟವೂ ಇಲ್ಲ, ಜಲಪಾತವೂ ಇಲ್ಲ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು? ಅದು ಬರುವುದು ರಾಸಾಯನಿಕ ಕ್ರಿಯೆಯಿಂದ. ಸತುವು ತನ್ನ ಇಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ತಾಮ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎರಡರ ಸ್ವಭಾವದಲ್ಲಿರುವ ಈ ವ್ಯತ್ಯಾಸವೇ ವಿಭವಾಂತರವಾಗುತ್ತದೆ.

ಮಾಡಿ ನೋಡಿ: ನಾಲ್ಕು ನಿಂಬೆಹಣ್ಣು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಒಂದು ಸತು ಲೇಪಿಸಿದ ಮೊಳೆ ಮತ್ತು ಒಂದು ತಾಮ್ರದ ತಂತಿಯ ತುಂಡು ಚುಚ್ಚಿ. ಎರಡೂ ಒಂದಕ್ಕೊಂದು ತಾಗದಿರಲಿ. ಒಂದು ಹಣ್ಣಿನ ಮೊಳೆಯನ್ನು ಮುಂದಿನ ಹಣ್ಣಿನ ತಾಮ್ರಕ್ಕೆ ತಂತಿಯಿಂದ ಜೋಡಿಸುತ್ತಾ ಹೋಗಿ. ಕೊನೆಯಲ್ಲಿ ಉಳಿದ ತಾಮ್ರಕ್ಕೆ ಒಂದು ಕೆಂಪು ಎಲ್.ಇ.ಡಿ.ಯ ಉದ್ದ ಕಾಲನ್ನೂ, ಉಳಿದ ಮೊಳೆಗೆ ಗಿಡ್ಡ ಕಾಲನ್ನೂ ಸೇರಿಸಿ. ಕತ್ತಲೆಯಲ್ಲಿ ನೋಡಿದರೆ ಮಂದವಾದ ಬೆಳಕು ಕಾಣುತ್ತದೆ. ಈಗ ಎಲ್ಲ ಕಡೆ ತಾಮ್ರವನ್ನೇ ಚುಚ್ಚಿ ನೋಡಿ. ಬೆಳಕು ಬರುವುದಿಲ್ಲ. ವ್ಯತ್ಯಾಸವಿಲ್ಲದ ಕಡೆ ಹರಿವಿಲ್ಲ! (ಪ್ರಯೋಗಕ್ಕೆ ಬಳಸಿದ ಹಣ್ಣನ್ನು ತಿನ್ನಬಾರದು. ಮನೆಯ ಪ್ಲಗ್ಗಿನಲ್ಲಿ ಯಾವ ಪ್ರಯೋಗವನ್ನೂ ಮಾಡಬಾರದು.)

ನೀರು ಮೇಲೇರುವುದು ಹೇಗೆ?

ಬಂಕಾಪುರದ ನೆರೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಭಾರಿ ಗಾತ್ರದ ಮರಗಳಿವೆ. ಇವು ಆಫ್ರಿಕಾ ಮೂಲದ ಜಾತಿಯವು. ಇವುಗಳ ದಪ್ಪ ಕಾಂಡದಲ್ಲಿ ನೀರು ಸಂಗ್ರಹವಾಗಿರುತ್ತದೆ. ಬೇರು ಹೀರಿದ ನೀರು ತುದಿಯ ಎಲೆಯವರೆಗೆ ಏರುತ್ತದೆ. ಯಾವ ಪಂಪ್‌ಸೆಟ್ಟೂ ಇಲ್ಲ! ತಗ್ಗಿಗೆ ಹರಿಯಬೇಕಾದ ನೀರು ಇಲ್ಲಿ ಮೇಲೇಕೆ ಹೋಗುತ್ತದೆ?

ಒಣ ಗಾಳಿ ಎಲೆಯಿಂದ ನೀರನ್ನು ಸೆಳೆಯುತ್ತಲೇ ಇರುತ್ತದೆ. ಹಾಗಾಗಿ ಎಲೆಯಲ್ಲಿ ಜಲವಿಭವ ಕಡಿಮೆಯಾಗುತ್ತದೆ. ತೇವದ ಮಣ್ಣಿನಲ್ಲಿ ಹೆಚ್ಚಿರುತ್ತದೆ. ನೀರು ಹೆಚ್ಚಿನ ಜಲವಿಭವದಿಂದ ಕಡಿಮೆ ಜಲವಿಭವದ ಕಡೆಗೆ ಸಾಗುತ್ತದೆ. ಉಪ್ಪು ಕೂಡ ಜಲವಿಭವವನ್ನು ಇಳಿಸುತ್ತದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಸವರಿದರೆ ನೀರು ಬಿಡುವುದು ಇದಕ್ಕೇ. ಸವಳು ಮಣ್ಣಿನಲ್ಲಿ ನೀರಿದ್ದರೂ ಬೆಳೆ ಬಾಡುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಎದೆಯೊಳಗಿನ ವೋಲ್ಟ್

ನಿಮ್ಮ ದೇಹದಲ್ಲಿಯೂ ವಿದ್ಯುತ್ ವಿಭವಾಂತರ ಇದೆ ಎಂದರೆ ನಂಬುತ್ತೀರಾ? ನರಕೋಶದ ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು, ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು. ನಡುವೆ ಬಹಳ ತೆಳುವಾದ ಪೊರೆ ಇದೆ. ಈ ಪೊರೆಯ ಒಳಬದಿಯ ವಿಭವವು ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಮಿಲಿವೋಲ್ಟ್ ಎಂದರೆ ವೋಲ್ಟಿನ ಸಾವಿರದ ಒಂದು ಭಾಗ. ಮುಳ್ಳು ಚುಚ್ಚಿದಾಗ ಪೊರೆಯ ಬಾಗಿಲುಗಳು ತೆರೆದು ಅಯಾನುಗಳು ಒಳನುಗ್ಗುತ್ತವೆ, ವಿಭವ ಕ್ಷಣಕಾಲ ತಿರುವುಮುರುವಾಗುತ್ತದೆ. ಈ ಅಲೆಯೇ ನರದಲ್ಲಿ ಸಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲ ಪ್ರಾಣಿಯ ದಪ್ಪ ನರದಲ್ಲಿ ಇದನ್ನು ಅಳೆದು, 1952ರಲ್ಲಿ ವಿವರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಮುಟ್ಟಿದರೆ ಮುನಿ ಗಿಡ ಎಲೆ ಮಡಚುವಾಗಲೂ ಇಂತಹ ವಿದ್ಯುತ್ ಅಲೆಯೇ ಓಡುತ್ತದೆ. ಹೃದಯವು ತಾಳ ತಪ್ಪದೆ ಬಡಿಯುವುದೂ ಇದರಿಂದಲೇ. ಆಸ್ಪತ್ರೆಯಲ್ಲಿ ಇ.ಸಿ.ಜಿ. ಯಂತ್ರ ಗೆರೆ ಎಳೆದು ತೋರಿಸುವುದು ಈ ಏರಿಳಿತವನ್ನೇ.

ಈಗ ತಿಳಿಯಿತೇ, ಕರೆಂಟು ಏಕೆ ಕೊಲ್ಲುತ್ತದೆ ಎಂದು? ಹೃದಯವು ಇಷ್ಟು ಚಿಕ್ಕ ವಿಭವಾಂತರದ ತಾಳಕ್ಕೆ ಬಡಿಯುತ್ತಿರುತ್ತದೆ. ಮನೆಯ ತಂತಿಯಲ್ಲಿರುವುದು 230 ವೋಲ್ಟ್. ಅಂತಹ ಕರೆಂಟು ಎದೆಯ ಮೂಲಕ ಹಾದರೆ ಹೃದಯದ ತಾಳವೇ ಕೆಟ್ಟುಹೋಗುತ್ತದೆ.

ಮತ್ತೆ ಕಾಗೆಯ ಬಳಿಗೆ

ಕಾಗೆಯ ಎರಡೂ ಕಾಲುಗಳು ಒಂದೇ ತಂತಿಯ ಮೇಲಿವೆ. ಎರಡರ ನಡುವೆ ಕೆಲವೇ ಸೆಂಟಿಮೀಟರ್ ಅಂತರ. ಅಲ್ಲಿ ವಿಭವಾಂತರ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕರೆಂಟು ಅದರ ದೇಹದ ಮೂಲಕ ಹರಿಯುವುದಿಲ್ಲ. ನೆಲದ ಮೇಲೆ ನಿಂತ ನೀವು ತಂತಿ ಮುಟ್ಟಿದರೆ? ಕೈ ಒಂದು ವಿಭವದಲ್ಲಿ, ಕಾಲು ಇನ್ನೊಂದು ವಿಭವದಲ್ಲಿ. ನಡುವಿನ ದಾರಿ ನಿಮ್ಮ ದೇಹವೇ! ನವಿಲಿನಂತಹ ದೊಡ್ಡ ಹಕ್ಕಿಗೂ ಅಪಾಯವಿದೆ. ರೆಕ್ಕೆ ಬಿಚ್ಚಿದಾಗ ಅದು ಒಮ್ಮೆಗೇ ಎರಡು ತಂತಿಗಳಿಗೆ ತಾಗಬಹುದು.

ಇನ್ನೊಂದು ಮುಖ್ಯ ಸಂಗತಿ. ಮಳೆಗಾಳಿಗೆ ತಂತಿ ಹರಿದು ಹೊಲದಲ್ಲಿ ಬಿದ್ದರೆ ಕರೆಂಟು ಸುತ್ತಲಿನ ನೆಲಕ್ಕೆ ಹರಡುತ್ತದೆ. ತಂತಿಯ ಹತ್ತಿರ ನೆಲದ ವಿಭವ ಹೆಚ್ಚು, ದೂರ ಹೋದಂತೆ ಕಡಿಮೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟರೆ ಎರಡರ ನಡುವೆ ವಿಭವಾಂತರ ಉಂಟಾಗುತ್ತದೆ. ತಂತಿ ಮುಟ್ಟದೆಯೇ ಶಾಕ್ ಹೊಡೆಯಬಹುದು! ಎತ್ತು, ಎಮ್ಮೆಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಅವುಗಳಿಗೆ ಅಪಾಯವೂ ಹೆಚ್ಚು.

ಆದ್ದರಿಂದ ಹೀಗೆ ಮಾಡಿ:

1. ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರಿ. ಕರೆಂಟು ಹೋಗಿದೆ ಎಂದು ನೀವೇ ತೀರ್ಮಾನಿಸಬೇಡಿ.
2. ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ಎರಡೂ ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ, ಚೂರು ಚೂರೇ ಜಾರಿಸುತ್ತಾ ದೂರ ಸರಿಯಿರಿ.
3. ಯಾರಿಗಾದರೂ, ದನಕರುವಿಗಾದರೂ ಶಾಕ್ ಹೊಡೆದಿದ್ದರೆ ಮುಟ್ಟಬೇಡಿ. ಕೂಗಿ ದೊಡ್ಡವರನ್ನು ಕರೆಯಿರಿ. ಲೈನ್‌ಮನ್‌ಗೆ ತಿಳಿಸಲು ಹೇಳಿ. ವಿದ್ಯುತ್ ದೂರಿನ ಸಂಖ್ಯೆ 1912.

ಇದನ್ನು ಮನೆಯಲ್ಲಿ ಅಪ್ಪ, ಅವ್ವನಿಗೂ, ದನ ಮೇಯಿಸುವ ಅಜ್ಜನಿಗೂ ಹೇಳಿ. ಒಂದು ಜೀವ ಉಳಿದರೆ ನೀವು ವಿಜ್ಞಾನ ಕಲಿತದ್ದು ಸಾರ್ಥಕ.

ಯೋಚಿಸಿ ಉತ್ತರಿಸಿ

1. ಕಾಗೆ ಒಂದು ಕಾಲನ್ನು ತಂತಿಯ ಮೇಲೂ ಇನ್ನೊಂದನ್ನು ಕಬ್ಬಿಣದ ಕಂಬದ ಮೇಲೂ ಇಟ್ಟರೆ ಏನಾಗುತ್ತದೆ? ಏಕೆ?
2. ಬಿದ್ದ ತಂತಿಯ ಬಳಿ ಪಾದ ಜೋಡಿಸಿ ಸರಿಯಬೇಕು ಎನ್ನುತ್ತಾರೆ. ಕಾಗೆಯ ಕಾಲಿಗೂ ಇದಕ್ಕೂ ಇರುವ ಹೋಲಿಕೆ ಏನು?
3. ನಿಮ್ಮ ಊರಿನ ನೀರಿನ ಟ್ಯಾಂಕನ್ನು ಎತ್ತರದಲ್ಲಿ ಕಟ್ಟಿರುವುದೇಕೆ?