ರೇಷ್ಮೆಗೂಡಿನ ಪ್ಯೂಪಾ: ಪೌಷ್ಟಿಕ ಆಹಾರ, ಕೋಳಿಗೆ ಮೇವು

ಮೊದಲ ಮಳೆ ಬಿದ್ದಾಗ ಹುತ್ತದಿಂದೇಳುವ ಈಸಲು ಹುಳುಗಳನ್ನು ಹಿಡಿದು ಹುರಿದು ತಿನ್ನುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿಯೂ ಉಂಟು. ಆದುದರಿಂದ ಹುಳು ತಿನ್ನುವ ಮಾತು ಬಂದೊಡನೆ ಮೂಗು ಮುರಿಯಬೇಕಾಗಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನಲ್ಲಿ 1,900ಕ್ಕೂ ಹೆಚ್ಚು ಜಾತಿಯ ಕೀಟಗಳನ್ನು ಜನ ತಿನ್ನುತ್ತಾರೆಂದು ತಿಳಿಸಿದೆ.

ನಮ್ಮಲ್ಲಿ ಹೇರಳವಾಗಿ ದೊರೆಯುವುದು ರೇಷ್ಮೆಯ ಪ್ಯೂಪಾ. ಹಸಿಗೂಡಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ಸಿಪ್ಪೆ. ಉಳಿದುದೆಲ್ಲ ಒಳಗಿನ ಪ್ಯೂಪಾ. ಅಂದರೆ 100 ಕಿ.ಗ್ರಾಂ ಗೂಡಿನಲ್ಲಿ 80 ಕಿ.ಗ್ರಾಂನಷ್ಟು ಪ್ಯೂಪಾ ಇರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು. ಒಣಗಿಸಿದ ಮೇಲೆ ಉಳಿಯುವುದರಲ್ಲಿ ಅರ್ಧಕ್ಕೂ ಮಿಗಿಲು ಸಸಾರಜನಕ, ಸುಮಾರು ಕಾಲು ಭಾಗ ಕೊಬ್ಬು. ಬೇಳೆಕಾಳುಗಳಲ್ಲಿ ಸಸಾರಜನಕ ಸಾಮಾನ್ಯವಾಗಿ ಶೇ. 20-25 ಮಾತ್ರ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಕೊರಿಯಾದಲ್ಲಿ ಬೇಯಿಸಿದ ಪ್ಯೂಪಾವನ್ನು ಬೀದಿಯಲ್ಲಿ ಮಾರುತ್ತಾರೆ, ಡಬ್ಬಿಗಳಲ್ಲಿಯೂ ತುಂಬುತ್ತಾರೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಪ್ಯೂಪಾ ಮೆಚ್ಚಿನ ಊಟ. ಎರಿ ಗೂಡಿನ ಒಂದು ತುದಿ ತೆರೆದಿರುವುದರಿಂದ ಗೂಡನ್ನು ಬೇಯಿಸದೆಯೇ ಹುಳುವನ್ನು ತಾಜಾ ಆಗಿ ಹೊರತೆಗೆಯಬಹುದು. ಎರಿ ಹುಳು ಹರಳು ಗಿಡದ ಎಲೆ ತಿನ್ನುತ್ತದೆ. ಹರಳು ಬೆಳೆಯುವ ನಮ್ಮ ರೈತರು ಇದನ್ನು ಗಮನಿಸಬೇಕು.

ಆದರೆ ನೂಲು ಬಿಚ್ಚಾಣಿಕೆಯ ಬಾಣಲೆಯಿಂದ ಬಂದ ಪ್ಯೂಪಾವನ್ನು ಮನುಷ್ಯರು ತಿನ್ನುವುದು ಸರಿಯಲ್ಲ. ಅದು ಕೊಳೆತ ನೀರಿನಲ್ಲಿ ಬಹಳ ಹೊತ್ತು ಇದ್ದು ಬೇಗ ಕೆಡುತ್ತದೆ. ರೋಗದ ಹುಳುಗಳೂ ಬೆರೆತಿರುತ್ತವೆ. ಸೀಗಡಿ, ಏಡಿ ತಿಂದರೆ ಮೈ ಕೆರೆಯುವವರು ಯಾವ ಪ್ಯೂಪಾವನ್ನೂ ತಿನ್ನದಿರುವುದೇ ಕ್ಷೇಮ. ಅಂಥವರಿಗೆ ಉಸಿರು ಕಟ್ಟುವಷ್ಟು ಅಪಾಯವೂ ಉಂಟು.

ಬಾಣಲೆಯ ಪ್ಯೂಪಾ ಕೋಳಿ ಮತ್ತು ಮೀನಿಗೆ ಮೇವಾಗುತ್ತದೆ. ಅಂದಂದಿನದನ್ನು ಅಂದೇ ಶುದ್ಧ ನೀರಿನಲ್ಲಿ ತೊಳೆದು, ತೆಳುವಾಗಿ ಹರವಿ, ನೊಣ ಕೂರದಂತೆ ಬಲೆ ಮುಚ್ಚಿ ಬಿಸಿಲಿಗೆ ಗರಿಗರಿಯಾಗಿ ಒಣಗಿಸಬೇಕು. ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಕೊಬ್ಬು ಕಮಟುತ್ತದೆ. ಕಮಟಿದ ಮೇವಿನ ವಾಸನೆ ಮೊಟ್ಟೆಗೂ ಬರಬಹುದು. ಎಣ್ಣೆ ತೆಗೆದ ಹಿಂಡಿ ಹೆಚ್ಚು ದಿನ ಬಾಳುತ್ತದೆ. ಮೀನಿನ ಪುಡಿಗೆ ಬದಲಾಗಿ ಬಳಸುವವರು ಒಮ್ಮೆಲೇ ಬದಲಿಸದೆ, ಮೊದಲು ಸ್ವಲ್ಪ ಬೆರೆಸಿ ಕೋಳಿಗಳು ತಿನ್ನುವುದನ್ನು ಒಂದು ವಾರ ನೋಡಿ, ಅನಂತರ ಹೆಚ್ಚಿಸಬೇಕು.