ಎಸಿ ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ

ಮಂಡ್ಯ ದಾಟಿ ಶ್ರೀರಂಗಪಟ್ಟಣದ ಕಡೆ ಹೊರಟರೆ ಸಿಗುವ ಯಲಿಯೂರಿನಲ್ಲಿ ನಮ್ಮ ಮನೆ. ಎಸಿ ಹಾಕಿಸಿದ ಮೇಲೆ ಸತತ ಎರಡು ಬೇಸಿಗೆ ಒಂದೇ ಕತೆಯಾಯಿತು. ಶಿವರಾತ್ರಿ ಕಳೆದು ಸೆಕೆ ಏರುವ ಹೊತ್ತಿಗೆ ಎಸಿ ಬರೀ ಗಾಳಿ ಊದುತ್ತಿತ್ತು, ತಂಪಿಲ್ಲ. ಮೆಕ್ಯಾನಿಕ್ ಬಂದು, ‘ಗ್ಯಾಸ್ ಖಾಲಿಯಾಗಿದೆ ಸಾರ್’ ಎಂದು ಅರ್ಧ ಗಂಟೆಯಲ್ಲಿ ತುಂಬಿ, ಮೂರು ಸಾವಿರ ತೆಗೆದುಕೊಂಡು ಹೋಗುತ್ತಿದ್ದರು. ಮೂರನೇ ವರ್ಷ ಬೇರೊಬ್ಬ ಹುಡುಗ ಬಂದ. ಸಿಲಿಂಡರ್ ಮುಟ್ಟುವ ಮೊದಲು ಒಂದು ಲೋಟ ಸೋಪಿನ ನೀರು ಕೇಳಿದ. ಹೊರಗಿನ ಯುನಿಟ್ಟಿಗೆ ತಾಮ್ರದ ಪೈಪು ಸೇರುವ ನಟ್ಟಿಗೆ ಅದನ್ನು ಹಚ್ಚಿದ. ಗುಳ್ಳೆ ಎದ್ದಿತು. ಪೈಪಿನ ತುದಿ ಕತ್ತರಿಸಿ, ಹೊಸದಾಗಿ ಬಾಯಿ ಅಗಲಿಸಿ, ನಟ್ಟು ಬಿಗಿದು, ಆಮೇಲೆ ಗ್ಯಾಸ್ ತುಂಬಿದ. ಅಂದಿನಿಂದ ಇಂದಿನವರೆಗೆ ನಾವು ಮತ್ತೆ ಗ್ಯಾಸ್ ಹಾಕಿಸಿಲ್ಲ.

ಎಸಿಯ ಗ್ಯಾಸು ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಮುಗಿಯುವುದಲ್ಲ. ಮಣ್ಣಿನ ಹೂಜಿಯ ಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದಲ್ಲ, ಎಸಿಯೂ ಮಾಡುವುದು ಅದನ್ನೇ. ದ್ರವರೂಪದ ಗ್ಯಾಸು ಕೋಣೆಯೊಳಗಿನ ಕಾಯಿಲಿನಲ್ಲಿ ಆವಿಯಾಗಿ ಬಿಸಿ ಹೀರುತ್ತದೆ. ಹೊರಗಿನ ಕಂಪ್ರೆಸರ್ ಅದನ್ನು ಒತ್ತುತ್ತದೆ, ಬಿಸಿ ಹೊರಗೆ ಹೋಗುತ್ತದೆ, ಗ್ಯಾಸು ಮತ್ತೆ ದ್ರವವಾಗುತ್ತದೆ. ಹೂಜಿಯ ನೀರು ಆರಿಹೋಗುತ್ತದೆ, ಎಸಿಯ ಗ್ಯಾಸು ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಫೋನ್ ಮಾಡುವ ಮೊದಲು

ತಂಪು ಕಡಿಮೆಯಾದಾಗಲೆಲ್ಲ ಗ್ಯಾಸೇ ಕಾರಣವಲ್ಲ. ಒಳಗಿನ ಯುನಿಟ್ಟಿನ ಫಿಲ್ಟರ್ ತೆಗೆದು ನಲ್ಲಿಯ ಕೆಳಗೆ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿ ನೋಡಿ. ಆಮೇಲೆ ಹೊರಗಿನ ಯುನಿಟ್ಟಿನ ಬೆನ್ನು ನೋಡಿ. ನಮ್ಮ ಕಡೆ ಇದು ಮುಖ್ಯ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಉರಿದು ಹಾರುವ ಬೂದಿ, ಭತ್ತದ ಒಕ್ಕಣೆಯ ಧೂಳು, ಹೆದ್ದಾರಿಯ ಮಣ್ಣು ಎಲ್ಲ ಆ ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಮೆತ್ತಿಕೊಂಡರೆ ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಮೇನ್ ಸ್ವಿಚ್ ಆರಿಸಿ, ಪೈಪಿನಲ್ಲಿ ಮೆಲ್ಲಗೆ ನೀರು ಹಾಯಿಸಿದರೆ ಸಾಕು, ಜೋರು ಒತ್ತಡದ ನೀರು ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ. ಸುತ್ತಮುತ್ತ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಷ್ಟೇ ತೊಂದರೆಯಾಗುತ್ತಿದ್ದರೆ ವೋಲ್ಟೇಜನ್ನೂ ಸ್ಟೆಬಿಲೈಸರನ್ನೂ ಪರೀಕ್ಷಿಸಿ.

ಇಷ್ಟಾದರೂ ತಂಪಿಲ್ಲ, ಹೊರಗಿನ ಯುನಿಟ್ಟಿನ ಸಣ್ಣ ಪೈಪಿನ ಮೇಲೆ ಹಿಮ ಕಟ್ಟಿದೆ, ಪೈಪಿನ ಜೋಡಣೆಯಲ್ಲಿ ಎಣ್ಣೆಯ ಜಿಡ್ಡು ಕಾಣುತ್ತಿದೆ ಎಂದಾದರೆ ಸೋರಿಕೆಯ ಅನುಮಾನ ಗಟ್ಟಿಯಾಗುತ್ತದೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಹರಿಯುತ್ತಿರುವುದರಿಂದ ಗ್ಯಾಸು ಸೋರುವ ಕಡೆ ಜಿಡ್ಡೂ ಬರುತ್ತದೆ.

ನಿಮ್ಮ ಯಂತ್ರದಲ್ಲಿರುವುದು ಯಾವ ಗ್ಯಾಸು?

ಹೊರಗಿನ ಯುನಿಟ್ಟಿನ ಪಕ್ಕದಲ್ಲಿ ಅಂಟಿಸಿರುವ ಪಟ್ಟಿಯಲ್ಲಿ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಅಥವಾ ಕಿಲೋ ಎಂಬುದು ಎರಡೂ ಇರುತ್ತವೆ. ಬಿಸಿಲಿಗೆ ಅಕ್ಷರ ಅಳಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹಳೆಯ ಯಂತ್ರಗಳಲ್ಲಿರುವುದು ಸಾಮಾನ್ಯವಾಗಿ ಆರ್-22. ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸಿದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತು ಇದನ್ನು ಕೈಬಿಡುತ್ತಿದೆ. ಭಾರತದಲ್ಲಿ ಹೊಸ ಯಂತ್ರಗಳ ತಯಾರಿಕೆಗೆ ಇದರ ಬಳಕೆ 2024ರ ಕೊನೆಗೆ ನಿಂತಿದೆ. 2030ರ ನಂತರ ಹಳೆಯ ಯಂತ್ರಗಳ ರಿಪೇರಿಗೆ ಮಾತ್ರ ಅತಿ ಸಣ್ಣ ಪ್ರಮಾಣ ಉಳಿಯುತ್ತದೆ. ಇದರ ನಂತರ ಬಂದದ್ದು ಆರ್-410ಎ. ಓಝೋನಿಗೆ ತೊಂದರೆಯಿಲ್ಲ, ಆದರೆ ಒಂದು ಕಿಲೋ ಗಾಳಿಗೆ ಸೇರಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಈಗ ಅಂಗಡಿಯಲ್ಲಿರುವ ಹೆಚ್ಚಿನ ಯಂತ್ರಗಳಲ್ಲಿ ಆರ್-32 ಇದೆ, ಅದರ ಬಿಸಿ ಮಾಡುವ ಶಕ್ತಿ ಆರ್-410ಎಯ ಸುಮಾರು ಮೂರನೇ ಒಂದು ಪಾಲು. ಇನ್ನು ಆರ್-290 ಎಂದರೆ ಶುದ್ಧ ಪ್ರೊಪೇನ್. ಗೋದ್ರೆಜ್ ಕಂಪನಿ 2012ರಿಂದ ಇದನ್ನು ಬಳಸಿದ ಎಸಿ ಮಾರುತ್ತಿದೆ. ಪರಿಸರಕ್ಕೆ ಇವೆಲ್ಲಕ್ಕಿಂತ ಒಳ್ಳೆಯದು, ಆದರೆ ಚೆನ್ನಾಗಿ ಉರಿಯುವ ಗ್ಯಾಸು.

ಒಂದರ ಬದಲು ಇನ್ನೊಂದು ಹಾಕಬಹುದೇ?

ಬೇಡ. ಈ ಒಂದು ಮಾತಿನಲ್ಲಿ ರಾಜಿ ಮಾಡಿಕೊಳ್ಳಬೇಡಿ. ಆರ್-22 ಸಿಗುತ್ತಿಲ್ಲ, ಹೊಸ ಗ್ಯಾಸ್ ಹಾಕಿಬಿಡೋಣ ಎನ್ನುವವರು ಇದ್ದಾರೆ. ಆರ್-410ಎ ಮತ್ತು ಆರ್-32ರ ಒತ್ತಡ ಆರ್-22ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಹಳೆಯ ಕಾಯಿಲು, ಕಂಪ್ರೆಸರುಗಳು ಅದಕ್ಕೆ ಮಾಡಿದವಲ್ಲ. ಎಣ್ಣೆಯೂ ಬೇರೆ. ಆರ್-22ರ ಜೊತೆ ಇರುವ ಖನಿಜ ತೈಲ ಹೊಸ ಗ್ಯಾಸಿನ ಜೊತೆ ಬೆರೆಯುವುದಿಲ್ಲ, ಕಂಪ್ರೆಸರಿಗೆ ಎಣ್ಣೆ ಸಿಗದೆ ಅದು ಕಚ್ಚಿಕೊಳ್ಳುತ್ತದೆ. ಆರ್-22 ಯಂತ್ರಕ್ಕೆ ಪ್ರೊಪೇನ್ ತುಂಬುವುದಂತೂ ಜೀವಕ್ಕೇ ಅಪಾಯ. ಆ ಯಂತ್ರದ ವೈರಿಂಗ್, ಸ್ವಿಚ್ಚು ಯಾವುದೂ ಉರಿಯುವ ಗ್ಯಾಸನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ. ಎಣ್ಣೆ ಬದಲಿಸಿ ಆರ್-407ಸಿ ಹಾಕುವ ಪದ್ಧತಿಯೊಂದಿದೆ, ಆದರೆ ಹತ್ತು ವರ್ಷ ದಾಟಿದ ಮನೆ ಎಸಿಗೆ ಅಷ್ಟು ಖರ್ಚು ಮಾಡುವುದು ನನ್ನ ಲೆಕ್ಕದಲ್ಲಿ ದಂಡ.

ಅಗ್ಗದ ಗ್ಯಾಸಿನ ಆಸೆಯೂ ಬೇಡ. ನಕಲಿ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿರುವುದು ಜಗತ್ತಿನ ಹಲವೆಡೆ ಪತ್ತೆಯಾಗಿದೆ. ಅದು ಅಲ್ಯೂಮಿನಿಯಮ್ಮಿನ ಜೊತೆ ಸೇರಿ, ಗಾಳಿ ತಗುಲಿದರೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಹೀಗೆಯೇ ಹಡಗಿನ ಶೀತಲ ಕಂಟೇನರುಗಳು ಸಿಡಿದು ವಿಯೆಟ್ನಾಮಿನಲ್ಲಿ ಕೆಲಸಗಾರರು ಸತ್ತರು. ಸೀಲ್ ಇರುವ, ಹೆಸರು ನಮೂದಿಸಿದ ಸಿಲಿಂಡರನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ.

ಕೆಲಸ ನಡೆಯುವಾಗ ಪಕ್ಕದಲ್ಲಿರಿ

ಮೊದಲನೆಯದು, ಉಳಿದ ಹಳೆಯ ಗ್ಯಾಸನ್ನು ಗಾಳಿಗೆ ಬಿಡಬಾರದು, ಖಾಲಿ ಸಿಲಿಂಡರಿಗೆ ಎಳೆದುಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನವರು ನಟ್ಟು ಸಡಿಲಿಸಿ ಉಸ್ಸೆಂದು ಬಿಟ್ಟುಬಿಡುತ್ತಾರೆ. ಮನೆಯವರು ಒಂದು ಮಾತು ಕೇಳಿದರೆ ಇದು ನಿಲ್ಲುತ್ತದೆ.

ಎರಡನೆಯದು, ಪೈಪಿಗೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿ, ಸೋಪಿನ ನೊರೆಯಿಂದ ತೂತು ಹುಡುಕಬೇಕು. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರನ್ನು ಈ ಪರೀಕ್ಷೆಗೆ ಬಳಸಲು ಬಂದರೆ ತಕ್ಷಣ ತಡೆಯಿರಿ. ಎಣ್ಣೆಯಿರುವ ಪೈಪಿಗೆ ಒತ್ತಡದ ಆಕ್ಸಿಜನ್ ಹೊಕ್ಕರೆ ಸ್ಫೋಟವಾಗುತ್ತದೆ. ಪೈಪಿನಲ್ಲಿ ಗ್ಯಾಸ್ ಉಳಿದಿರುವಾಗ ಬೆಸುಗೆಯ ಬೆಂಕಿ ಹಚ್ಚುವುದೂ ಬೇಡ. ಆರ್-32 ಹೊತ್ತಿಕೊಳ್ಳಬಹುದು, ಆರ್-22 ಬೆಂಕಿಗೆ ವಿಷಾನಿಲವಾಗಬಹುದು. ಕಿಟಕಿ ಬಾಗಿಲು ತೆರೆದಿರಲಿ, ಮಕ್ಕಳು ಹತ್ತಿರ ಬರದಿರಲಿ.

ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವವನ್ನೆಲ್ಲ ಎಳೆಯಬೇಕು. ಇದಕ್ಕೆ ಅರ್ಧ ಗಂಟೆಯಾದರೂ ಬೇಕು. ಪಂಪ್ ನಿಲ್ಲಿಸಿದ ಮೇಲೂ ಮೀಟರಿನ ಮುಳ್ಳು ಕದಲಬಾರದು. ತೇವ ಉಳಿದರೆ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗಿಂದ ತಿನ್ನುತ್ತದೆ. ಬೇಸಿಗೆಯ ಅವಸರದಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಕೆಲಸ ಇದೇ.

ಕೊನೆಗೆ ತುಂಬುವುದು. ತುಂಬುವಾಗ ಸಿಲಿಂಡರ್ ತೂಕದ ಯಂತ್ರದ ಮೇಲಿರಬೇಕು, ಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ ಒಳಗೆ ಹೋಗಬೇಕು. ಪೈಪು ಮಾಮೂಲಿಗಿಂತ ಉದ್ದವಿದ್ದರೆ ಕಂಪನಿ ಹೇಳಿದಷ್ಟು ಹೆಚ್ಚು. ಇನ್ವರ್ಟರ್ ಎಸಿಗಳಲ್ಲಿ ಕಂಪ್ರೆಸರಿನ ವೇಗದ ಜೊತೆ ಒತ್ತಡವೂ ಏರಿಳಿಯುವುದರಿಂದ ಮುಳ್ಳು ನೋಡಿ ಅಂದಾಜು ಮಾಡುವುದು ನಡೆಯದು. ಮಂಡಿಯಲ್ಲಿ ಬೆಲ್ಲವನ್ನು ತೂಗದೆ ಯಾರೂ ಕೊಳ್ಳುವುದಿಲ್ಲ, ಅದಕ್ಕಿಂತ ಎಷ್ಟೋ ದುಬಾರಿಯಾದ ಗ್ಯಾಸನ್ನು ಕಣ್ಣಂದಾಜಿಗೆ ಬಿಡುವುದೇಕೆ?

ರಿಪೇರಿಯೋ, ಹೊಸದೋ?

ಪೈಪಿನ ಜೋಡಣೆಯಲ್ಲಿ ಸೋರಿಕೆಯಿದ್ದರೆ ರಿಪೇರಿ ಮಾಡಿಸಿ, ಯಂತ್ರ ಎಷ್ಟೇ ಹಳೆಯದಿರಲಿ. ಆರ್-22 ಯಂತ್ರದ ಕಾಯಿಲೇ ಸವೆದು ಅಲ್ಲಲ್ಲಿ ತೂತಾಗಿದ್ದರೆ ಹೊಸದು ಕೊಳ್ಳುವುದೇ ಲಾಭ. ಕೊಳ್ಳುವಾಗ ಸ್ಟಾರ್ ಪಟ್ಟಿಯ ಜೊತೆ ಗ್ಯಾಸಿನ ಹೆಸರನ್ನೂ ಓದಿ. ಹಳೆಯದನ್ನು ಗುಜರಿಯವರಿಗೆ ಕೊಟ್ಟರೆ ಅವರು ತಾಮ್ರಕ್ಕಾಗಿ ಪೈಪು ಕತ್ತರಿಸುತ್ತಾರೆ, ಗ್ಯಾಸೆಲ್ಲ ಗಾಳಿಗೆ ಹೋಗುತ್ತದೆ. ಅಂಗಡಿಯ ಎಕ್ಸ್‌ಚೇಂಜಿಗೋ ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೋ ಕೊಡಿ.

ಮೆಕ್ಯಾನಿಕ್ ಹೊರಡುವ ಮುನ್ನ ಬಿಲ್ಲಿನಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಸೋರಿಕೆ ಎಲ್ಲಿತ್ತು, ಹಾಕಿದ ಗ್ಯಾಸು ಯಾವುದು, ಎಷ್ಟು ಗ್ರಾಂ. ಮುಂದಿನ ಬೇಸಿಗೆಯಲ್ಲಿ ಮತ್ತೆ ‘ಖಾಲಿಯಾಗಿದೆ’ ಎಂದರೆ ಆ ಬಿಲ್ಲು ತೋರಿಸಿ ಕೇಳಿ.