ಮೆಕ್ಕೆಜೋಳ ಗಾಡಿಗೋ, ಕೋಳಿಗೋ?



ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆಂದು ಕೇಳಿದ್ದೀರಿ. 2025ರಲ್ಲಿ ನಮ್ಮ ದೇಶದಲ್ಲಿ ಈ ಬೆರಕೆ ನೂರಕ್ಕೆ 20ರಷ್ಟಾಯಿತು. ಎಥೆನಾಲ್ ಮಾಡುವುದು ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ. ಹೊರದೇಶದ ಎಣ್ಣೆಗೆ ಕೊಡುವ ಹಣ ಅಷ್ಟು ಉಳಿಯುತ್ತದೆ, ಬೆಳೆದವರಿಗೆ ಹೊಸ ಗಿರಾಕಿ ಸಿಗುತ್ತದೆ. ಇದನ್ನು ನಾವು ಬೇಡ ಅನ್ನೋದಿಲ್ಲ.

ಆದರೆ ಸಂಘದಿಂದ ಸಾಲ ತಗೊಂಡು ಕೋಳಿ ಸಾಕಿದವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಫಾರಂ ಕೋಳಿಯ ಆಹಾರದಲ್ಲಿ ಸುಮಾರು ಅರ್ಧ ಪಾಲು ಮೆಕ್ಕೆಜೋಳವೇ. ಕಾರ್ಖಾನೆಯೂ ಅದನ್ನೇ ಕೊಳ್ಳಲು ನಿಂತರೆ ಫೀಡ್ ಬೆಲೆ ಏರುತ್ತೆ. ಮೆಕ್ಕೆಜೋಳ ಹೊರಗೆ ಮಾರುತ್ತಿದ್ದ ಭಾರತ 2024ರಲ್ಲಿ ಹೊರಗಿನಿಂದ ತರಿಸಿತು. ಹಾಗಂತ ಬೆಳೆದವರು ಗೆದ್ದರೇ? ಅದೂ ಇಲ್ಲ. 2025ರ ಕೊನೆಗೆ ಹಾವೇರಿ, ಗದಗ ಕಡೆ ದರವು ಕ್ವಿಂಟಲ್‌ಗೆ 2,400 ರೂ. ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದರು.

ನೀರಿನ ಲೆಕ್ಕ ಇನ್ನೂ ದೊಡ್ಡದು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಆಗಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗವೇ 2021ರಲ್ಲಿ ಬರೆದಿದೆ. ಹದಿನೈದು ಲೀಟರಿನ ಕೊಡದಲ್ಲಿ 190 ಕೊಡ! ಬೋರ್‌ವೆಲ್ ಬತ್ತಿದರೆ ಕೊಡ ಹೊರುವವರು ನಾವೇ ಅಲ್ಲವೇ?

ಹೊಂಗೆ ಎಣ್ಣೆಯ ವಿಷಯ ಬೇರೆ. ಈ ಮರ ಬದುವಿನಲ್ಲೇ ಬೆಳೆಯುತ್ತೆ, ಬೇರೂರಿದ ಮೇಲೆ ನೀರು ಕೇಳಲ್ಲ. ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಹಿಂಡಿ ಗೊಬ್ಬರಕ್ಕೆ. ಕಾಯಿ ಬಿಡಲು ಐದಾರು ವರ್ಷ ಬೇಕು, ಹಾಗಾಗಿ ಇದಕ್ಕೆಂದು ಸಾಲ ಮಾಡಬೇಡಿ. ಮುಂದಿನ ಸಭೆಗೆ ನಿಮ್ಮ ಬದುವಿನ ಹೊಂಗೆ ಮರ ಎಣಿಸಿ, ಸಂತೆಯಲ್ಲಿ ಬೀಜದ ದರ ವಿಚಾರಿಸಿ ಬನ್ನಿ.